ಫೋಟೋಗಳನ್ನು ಯಾವುದರಲ್ಲಿ ತುಂಬಿಟ್ಟರೆ 50 ವರ್ಷ ಉಳಿದಾವು?

ಪ್ರಶ್ನೆ: 2004ರಿಂದ ಈಚೆಗೆ ತೆಗೆದ ಸುಮಾರು 42,000 ಫೋಟೋಗಳು ನನ್ನ ಬಳಿ ಇವೆ. ಎಲ್ಲ ಸೇರಿ 380 ಜಿಬಿ ಆಗುತ್ತದೆ. ಹಳೆಯವು 60 ಸಿಡಿ, ಡಿವಿಡಿಗಳಲ್ಲಿವೆ. ಆಮೇಲಿನವು ಎರಡು ಹಳೇ ಹಾರ್ಡ್ ಡಿಸ್ಕ್‌ಗಳಲ್ಲಿ ಹರಡಿಕೊಂಡಿವೆ. ಮೊನ್ನೆ ಮೂರು ಸಿಡಿ ತೆರೆಯಲೇ ಇಲ್ಲ. ಅಂದಿನಿಂದ ನೆಮ್ಮದಿ ಇಲ್ಲ. ಒಮ್ಮೆ ತುಂಬಿಸಿಟ್ಟರೆ 50 ವರ್ಷ ತಿರುಗಿ ನೋಡಬೇಕಾಗಿ ಬರಬಾರದು, ಅಂಥದ್ದು ಯಾವುದು? 1000 ವರ್ಷ ಬಾಳುವ ಡಿಸ್ಕ್ ಇದೆ ಎಂದು ಓದಿದೆ. ತಿರುಗುವ ಭಾಗ ಇಲ್ಲದ ಎಸ್‌ಎಸ್‌ಡಿಯೇ ವಾಸಿ ಎಂದು ಗೆಳೆಯ ಹೇಳುತ್ತಾನೆ. ಮಗಳು ಎಲ್ಲವನ್ನೂ ಕ್ಲೌಡ್‌ಗೆ ಹಾಕಿ ಅನ್ನುತ್ತಾಳೆ. ಅಪ್ಪನ ಕಾಲದ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿಸಿದ್ದೇನೆ. ಆ ಡಬ್ಬವನ್ನು ಇನ್ನು ಎಸೆಯಬಹುದೇ?

ಉತ್ತರ: ತುಂಬಿಸಿಟ್ಟು 50 ವರ್ಷ ಮರೆತುಬಿಡಬಹುದಾದ ಡಿಜಿಟಲ್ ಸಾಧನ ಇಲ್ಲ. ಇದೆ ಅನ್ನುವವರು ಒಂದೋ ಅದನ್ನು ಮಾರುವವರು, ಇಲ್ಲವೇ ಇನ್ನೂ ಒಂದು ಫೋಟೋವನ್ನೂ ಕಳೆದುಕೊಳ್ಳದವರು. ಆದರೆ ನಿಮ್ಮ 380 ಜಿಬಿಗೆ ಏನು ಕೊಳ್ಳಬೇಕು ಎಂದು ಕೇಳಿದರೆ ಕಷ್ಟವಿಲ್ಲದೆ ಹೇಳಬಲ್ಲೆ. ಬೇರೆ ಬೇರೆ ಕಂಪನಿಯ ಎರಡು ಹಾರ್ಡ್ ಡಿಸ್ಕ್ ತೆಗೆದುಕೊಳ್ಳಿ. ಜೊತೆಗೆ ಒಂದು ಕಟ್ಟು ಬ್ಲೂ-ರೇ ಡಿಸ್ಕ್ ಇರಲಿ. ಎಂಥ ಬ್ಲೂ-ರೇ ಎಂಬುದನ್ನು ಮುಂದೆ ಹೇಳುತ್ತೇನೆ. ತೀರಾ ಬೇಕಾದ ಒಂದೆರಡು ನೂರು ಫೋಟೋಗಳನ್ನು ಒಳ್ಳೆಯ ಕಾಗದದ ಮೇಲೆ ಪ್ರಿಂಟ್ ಹಾಕಿಸಿ. ಎಸ್‌ಎಸ್‌ಡಿ ಈ ಕೆಲಸಕ್ಕೆ ಬೇಡ. ಮಗಳ ಮಾತಿನಂತೆ ಕ್ಲೌಡ್ ಇರಲಿ, ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ನೆಗೆಟಿವ್ ಡಬ್ಬ ಎಸೆಯುವ ಮಾತನ್ನಂತೂ ಆಡಲೇಬೇಡಿ.

ಡಿಸ್ಕ್ ಎಷ್ಟು ವರ್ಷ ಬಾಳುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಓದುವ ಯಂತ್ರ ಎಷ್ಟು ವರ್ಷ ಬಾಳುತ್ತದೆ ಎಂದು ಕೇಳುವವರು ಕಡಿಮೆ. 1966 ಮತ್ತು 1967ರಲ್ಲಿ ನಾಸಾ ಚಂದ್ರನ ಸುತ್ತ ಐದು ಲೂನಾರ್ ಆರ್ಬಿಟರ್ ನೌಕೆಗಳನ್ನು ಕಳಿಸಿತು. ಅವು ಫಿಲ್ಮ್ ಮೇಲೆ ಚಿತ್ರ ತೆಗೆದು, ಅಲ್ಲೇ ತೊಳೆದು, ಸ್ಕ್ಯಾನ್ ಮಾಡಿ ಭೂಮಿಗೆ ಕಳಿಸಿದವು. ಬಂದ ಸಂಕೇತಗಳನ್ನು ಎರಡು ಇಂಚು ಅಗಲದ ಮ್ಯಾಗ್ನೆಟಿಕ್ ಟೇಪ್‌ಗಳಲ್ಲಿ ತುಂಬಿದರು. ಸುಮಾರು 1,500 ಟೇಪ್. ಅವನ್ನು ಎಸೆಯುವ ಹಂತ ಬಂದಾಗ ನಾಸಾದಲ್ಲೇ ಇದ್ದ ನ್ಯಾನ್ಸಿ ಇವಾನ್ಸ್ ಎಂಬಾಕೆ ಬೇಡವೆಂದು ಹಟ ಹಿಡಿದು ಉಳಿಸಿಕೊಂಡರು. ಅವರ ದೂರದೃಷ್ಟಿ ಇರುವುದು ಮುಂದಿನ ಮಾತಿನಲ್ಲಿ: ಆ ಟೇಪ್ ಓದುವ ಆಂಪೆಕ್ಸ್ ಎಫ್‌ಆರ್-900 ಯಂತ್ರಗಳನ್ನೂ ಹುಡುಕಿ ತಂದು ತಮ್ಮ ಮನೆಯ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡರು. ಒಂದೊಂದೂ ಬೀರುವಿನಷ್ಟು ದೊಡ್ಡ ಯಂತ್ರ. 2008ರಲ್ಲಿ ನಾಸಾದ ಏಮ್ಸ್ ಕೇಂದ್ರದಲ್ಲಿ, ಮುಚ್ಚಿಹೋಗಿದ್ದ ಒಂದು ಹೋಟೆಲ್ ಕಟ್ಟಡದಲ್ಲಿ, ಒಂದು ತಂಡ ಆ ಯಂತ್ರಗಳ ಬಿಡಿಭಾಗಗಳನ್ನು ಅದರದ್ದು ಇದಕ್ಕೆ ಸೇರಿಸಿ ಜೀವ ಕೊಟ್ಟಿತು. ಚಂದ್ರನ ಅಂಚಿನಲ್ಲಿ ಭೂಮಿ ಕಾಣುವ 1966ರ ಚಿತ್ರ ಮೊದಲಿಗಿಂತ ಎಷ್ಟೋ ಸ್ಪಷ್ಟವಾಗಿ ಹೊರಬಂತು. ಟೇಪ್ 40 ವರ್ಷ ತಡೆದಿತ್ತು. ಗ್ಯಾರೇಜಿನಲ್ಲಿ ಆ ಯಂತ್ರಗಳು ಇಲ್ಲದಿದ್ದರೆ 1,500 ಟೇಪೂ ಬರಿಯ ಕಂದು ಪಟ್ಟಿ.

ಇದನ್ನು ತಲೆಯಲ್ಲಿಟ್ಟುಕೊಂಡು ನಿಮ್ಮ ಸಿಡಿಗಳ ವಿಷಯಕ್ಕೆ ಬರೋಣ.

ಮನೆಯಲ್ಲಿ ಬರೆಯುವ ಸಿಡಿಯಲ್ಲಿ ಮಾಹಿತಿ ನಿಲ್ಲುವುದು ಒಂದು ಬಣ್ಣದ ಪದರದಲ್ಲಿ. ಲೇಸರ್ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಬಣ್ಣ ಅಂದಮೇಲೆ ಬಿಸಿಲು, ಸೆಕೆ, ತೇವ ಮೂರೂ ಅದಕ್ಕೆ ಆಗಿಬರುವುದಿಲ್ಲ. ಅಂಗಡಿಯಿಂದ ತಂದ ಹಾಡಿನ ಸಿಡಿ ಬೇರೆ. ಅದರಲ್ಲಿ ಗುಳಿಗಳನ್ನು ಪ್ಲಾಸ್ಟಿಕ್ಕಿನಲ್ಲೇ ಒತ್ತಿರುತ್ತಾರೆ, ಹಾಗಾಗಿ ಅದು ಹೆಚ್ಚು ಕಾಲ ಬರುತ್ತದೆ. ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಸಿಡಿಯ ದಪ್ಪ 1.2 ಮಿಲಿಮೀಟರ್. ಹೊಳೆಯುವ ಮುಖವನ್ನು ಕೆಳಗೆ ಮಾಡಿ ಹಿಡಿದರೆ, ಬಣ್ಣದ ಪದರವೂ ಬೆಳ್ಳಿಯ ಪದರವೂ ಇರುವುದು ಮೇಲ್ಗಡೆ, ನೀವು ಹೆಸರು ಬರೆಯುವ ಮುಖಕ್ಕೆ ಅಂಟಿಕೊಂಡಂತೆ. ನಡುವೆ ತೆಳುವಾದ ಒಂದು ಲೇಪ ಅಷ್ಟೆ. ನಾವೆಲ್ಲ ಹೊಳೆಯುವ ಮುಖಕ್ಕೆ ಗೀರು ಬೀಳದಂತೆ ಜೋಪಾನ ಮಾಡುತ್ತಿದ್ದೆವು, ಅದರ ಬೆನ್ನಿನ ಮೇಲೆ ಮಾತ್ರ ಬಾಲ್‌ಪೆನ್ನಿನಿಂದ ಗೀಚುತ್ತಿದ್ದೆವು.

ನಾನೇ ಮಾಡಿದ ಎಡವಟ್ಟು ಕೇಳಿ. 2003ರ ಸುಮಾರಿಗೆ ಸಿಡಿಗಳಿಗೆ ಅಂದವಾದ ಅಂಟು ಲೇಬಲ್ ಹಚ್ಚುವ ಚಟ ಹತ್ತಿತ್ತು. ಹತ್ತು ವರ್ಷದ ನಂತರ ಒಂದರ ಲೇಬಲ್ ಮೂಲೆ ಎದ್ದಿತ್ತು. ಉಗುರಿನಿಂದ ಮೆಲ್ಲಗೆ ಎಳೆದೆ. ಕಾಗದದ ಜೊತೆಗೇ ಬೆಳ್ಳಿಯ ಪದರವೂ ಸಿಪ್ಪೆಯಂತೆ ಎದ್ದು ಬಂತು. ಕೈಯಲ್ಲಿ ಉಳಿದದ್ದು ಕಿಟಕಿಯ ಗಾಜಿನಂಥ ಪಾರದರ್ಶಕ ಬಿಲ್ಲೆ, ಅದರಾಚೆ ನನ್ನ ಬೆರಳು ಕಾಣುತ್ತಿತ್ತು. ಆ ಸಿಡಿಯಲ್ಲಿದ್ದ ಚಿತ್ರಗಳಿಗೆ ಬೇರೆ ಪ್ರತಿ ಇರಲಿಲ್ಲ. ನಿಮ್ಮ ಸಿಡಿಗಳ ಮೇಲೆ ಲೇಬಲ್ ಇದ್ದರೆ ದಯವಿಟ್ಟು ಕೀಳಬೇಡಿ, ಇದ್ದಂತೆಯೇ ಓದಿಸಿ.

ಡಿವಿಡಿಯಲ್ಲಿ ಮಾಹಿತಿಯ ಪದರ 0.6 ಮಿಲಿಮೀಟರಿನ ಎರಡು ಬಿಲ್ಲೆಗಳ ನಡುವೆ ಇರುತ್ತದೆ, ಹಾಗಾಗಿ ಬೆನ್ನಿನ ಗೀರಿಗೆ ಹೆದರಬೇಕಿಲ್ಲ. ಆದರೆ ಆ ಎರಡನ್ನು ಕೂಡಿಸಿದ ಅಂಟು ಅಂಚಿನಿಂದ ಬಿಡಲು ಶುರುವಾದರೆ ಗಾಳಿ, ತೇವ ಒಳಗೆ ಹೋಗುತ್ತವೆ. ಮೊದಲು ಹೋಗುವುದು ಹೊರಸುತ್ತಿನ ಫೈಲ್‌ಗಳು. ಡಿಸ್ಕ್ ಬರೆಯುವುದು ಒಳಗಿನಿಂದ ಹೊರಕ್ಕೆ. ಕಂಠಮಟ್ಟ ತುಂಬಿದ ಡಿಸ್ಕ್‌ಗಳಲ್ಲಿ ಕೊನೆಯ ಫೋಲ್ಡರ್ ಮೊದಲು ಕೈಕೊಡುವುದು ಈ ಕಾರಣಕ್ಕೆ.

ಈಗ ಆ 1000 ವರ್ಷದ ಡಿಸ್ಕ್. ನೀವು ಓದಿದ್ದು ಎಂ-ಡಿಸ್ಕ್ ಬಗ್ಗೆ ಇರಬೇಕು. ಅಮೆರಿಕದ ಯೂಟಾ ರಾಜ್ಯದ ಮಿಲೆನಿಯಾಟಾ ಎಂಬ ಕಂಪನಿ ಇದನ್ನು ತಂದಿತು. ಬಣ್ಣದ ಬದಲು ಕಲ್ಲಿನಂಥ ಗಟ್ಟಿ ಪದರ, ಅದರಲ್ಲಿ ಲೇಸರ್ ನಿಜವಾಗಿಯೂ ಗುಳಿ ತೋಡುತ್ತದೆ, ಇದು ಅದರ ಮೂಲ ಆಲೋಚನೆ. ಆಲೋಚನೆ ಒಳ್ಳೆಯದೇ. ಆದರೆ 1000 ವರ್ಷ ಎಂಬ ಅಂಕಿ ಎಲ್ಲಿಂದ ಬಂತು? ಯಾರೂ ಕಾದು ನೋಡಿಲ್ಲವಷ್ಟೆ. ಡಿಸ್ಕನ್ನು 80, 85 ಡಿಗ್ರಿ ಬಿಸಿಯಲ್ಲಿ, ತೇವ ತುಂಬಿದ ಪೆಟ್ಟಿಗೆಯೊಳಗೆ ವಾರಗಟ್ಟಲೆ ಬೇಯಿಸಿ, ತಪ್ಪುಗಳು ಎಷ್ಟು ಬೇಗ ಏರುತ್ತವೆ ಎಂದು ನೋಡಿ, ಅದರಿಂದ ಕೋಣೆಯ ಬಿಸಿಯಲ್ಲಿ ಎಷ್ಟು ವರ್ಷ ಎಂದು ಲೆಕ್ಕ ಕಟ್ಟುತ್ತಾರೆ. ಯಾವ ಡಿಸ್ಕ್ ಯಾವುದಕ್ಕಿಂತ ಗಟ್ಟಿ ಎಂದು ತಿಳಿಯಲು ಈ ಪರೀಕ್ಷೆ ಚೆನ್ನಾಗಿದೆ. ವರ್ಷಗಳ ಲೆಕ್ಕವನ್ನು ಮಾತ್ರ ಅಕ್ಷರಶಃ ನಂಬಬೇಡಿ. ಅಂಟು ಬಿಡುವುದು, ಬಿಲ್ಲೆ ಸೊಟ್ಟಗಾಗುವುದು ಇವೆಲ್ಲ ಆ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. ಅಂದಹಾಗೆ ಸಾವಿರ ವರ್ಷದ ಡಿಸ್ಕ್ ಮಾಡಿದ ಆ ಕಂಪನಿ, ಅದು ಮಾರುಕಟ್ಟೆಗೆ ಬಂದು ಹತ್ತು ವರ್ಷ ತುಂಬುವ ಮೊದಲೇ, 2016ರಲ್ಲಿ ಸಾಲ ತೀರಿಸಲಾಗದೆ ಕೈಚೆಲ್ಲಿತು. ಹೆಸರು ಬೇರೆಯವರ ಕೈಯಲ್ಲಿ ಮುಂದುವರಿದಿದೆ.

ಬ್ಲೂ-ರೇಗೆ ಬಂದಾಗ ಈ ಹೆಸರಿನ ಹಿಂದೆ ಬೀಳಬೇಕಾದ್ದೂ ಇಲ್ಲ. ಒಮ್ಮೆ ಮಾತ್ರ ಬರೆಯಬಹುದಾದ ಬ್ಲೂ-ರೇ ಡಿಸ್ಕ್‌ಗಳಲ್ಲಿ ಎರಡು ಜಾತಿ. ಎಚ್‌ಟಿಎಲ್ ಎಂಬುದರಲ್ಲಿ ಮೊದಲಿನಿಂದಲೂ ಅಜೈವಿಕ ಪದರವೇ, ಅಂದರೆ ಲೋಹ, ಸಿಲಿಕಾನ್‌ನಂಥ ವಸ್ತು. ಎಲ್‌ಟಿಎಚ್ ಎಂಬುದರಲ್ಲಿ ಸಿಡಿಯಂತೆಯೇ ಬಣ್ಣ. ಡಬ್ಬದ ಮೇಲೆ ಎಲ್‌ಟಿಎಚ್ ಎಂದು ಸಣ್ಣಕ್ಷರದಲ್ಲಿ ಇದ್ದರೆ ವಾಪಸ್ ಇಟ್ಟುಬಿಡಿ. ಅಳಿಸಿ ಮತ್ತೆ ಬರೆಯುವ ಡಿಸ್ಕ್ ಕೂಡ ಬೇಡ. ಒಮ್ಮೆ ಬರೆದದ್ದನ್ನು ಯಾವ ವೈರಸ್ಸೂ, ಯಾವ ಕೈತಪ್ಪೂ ಅಳಿಸಲಾರದು ಎಂಬುದೇ ಈ ಡಿಸ್ಕಿನ ದೊಡ್ಡ ಗುಣ. 50 ವರ್ಷ ಬಾಳುವುದಕ್ಕಿಂತ ಆ ಗುಣಕ್ಕಾಗಿ ನಾನು ಅದನ್ನು ಇಟ್ಟುಕೊಂಡಿದ್ದೇನೆ.

ಬ್ಲೂ-ರೇಯಲ್ಲಿ 25, 50, 100, 128 ಜಿಬಿಯವು ಸಿಗುತ್ತವೆ. 100 ಜಿಬಿಯದ್ದು ನಾಲ್ಕೈದು ತಂದರೆ ನಿಮ್ಮದೆಲ್ಲ ಮುಗಿಯಿತು ಅನಿಸಬಹುದು. ನಾನು 25ರದ್ದನ್ನೇ ತರುತ್ತೇನೆ. ಅದರಲ್ಲಿ ಒಂದೇ ಪದರ, ಬರೆಯುವಾಗ ತಪ್ಪು ಕಡಿಮೆ, ಒಂದು ಕೆಟ್ಟರೂ ಹೋಗುವುದು ಅಷ್ಟೇ. ಅಂಚನ್ನು ಖಾಲಿ ಬಿಟ್ಟು ಒಂದೊಂದರಲ್ಲಿ 22 ಜಿಬಿ ತುಂಬಿದರೆ 18 ಡಿಸ್ಕ್ ಸಾಕು. ಅತಿ ವೇಗದಲ್ಲಿ ಬರೆಯಬೇಡಿ, 4ಎಕ್ಸ್ (ಮೂಲ ವೇಗದ ನಾಲ್ಕು ಪಟ್ಟು) ಸುಮಾರಿಗೆ ಇರಲಿ, ಬರೆದ ಮೇಲೆ ‘ವೆರಿಫೈ’, ಅಂದರೆ ಬರೆದದ್ದನ್ನು ಮತ್ತೆ ಓದಿ ತಾಳೆ ನೋಡುವುದು, ಆಗಲೇಬೇಕು. ನಡುವಿನ ತೂತಿನ ಸುತ್ತ ಪಾರದರ್ಶಕ ಉಂಗುರ ಇರುತ್ತದಲ್ಲ, ಹೆಸರನ್ನು ನೀರಿನ ಇಂಕಿನ ಪೆನ್ನಿನಲ್ಲಿ ಅಲ್ಲಿ ಬರೆಯಿರಿ. ನಿಲ್ಲಿಸಿ ಇಡುವ ಗಟ್ಟಿ ಡಬ್ಬದಲ್ಲಿ, ಕತ್ತಲಲ್ಲಿ, ಒಣ ಜಾಗದಲ್ಲಿ ಇಡಿ.

ಒಂದು ಎಚ್ಚರಿಕೆ ಇದೆ. ಈ ಮಾಧ್ಯಮ ಸಂಜೆಗೆ ಬಂದಿದೆ. ಪ್ಯಾನಸೋನಿಕ್ 2023ರಲ್ಲಿ ಬರೆಯುವ ಬ್ಲೂ-ರೇ ಡಿಸ್ಕ್ ಮಾಡುವುದನ್ನು ನಿಲ್ಲಿಸಿತು, ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಕಿಂಡಿ ಮಾಯವಾಗಿ ವರ್ಷಗಳೇ ಆದವು. ಆದ್ದರಿಂದ ಡಿಸ್ಕ್ ಜೊತೆಗೆ ಅದನ್ನು ಬರೆದು ಓದುವ, ಯುಎಸ್‌ಬಿಗೆ ಸಿಕ್ಕಿಸುವ ಬ್ಲೂ-ರೇ ಡ್ರೈವ್ ಒಂದಲ್ಲ, ಎರಡು ಕೊಂಡು ಒಂದನ್ನು ಡಬ್ಬ ಬಿಚ್ಚಿ, ನಡೆಯುತ್ತದೆ ಎಂದು ನೋಡಿ, ಮತ್ತೆ ಕಟ್ಟಿ ಇಡಿ. ನ್ಯಾನ್ಸಿ ಇವಾನ್ಸ್ ಅವರ ಗ್ಯಾರೇಜಿನ ಸಣ್ಣ ರೂಪ ಅಂದುಕೊಳ್ಳಿ.

ನಿಮ್ಮ ಗೆಳೆಯರ ಎಸ್‌ಎಸ್‌ಡಿ ವಾದ ಕೇಳಲು ಸರಿಯಾಗಿದೆ. ತಿರುಗುವ ಭಾಗ ಇಲ್ಲ, ಹಾಗಾಗಿ ಅದು ಸವೆಯುವ ಮಾತಿಲ್ಲ, ಬಿದ್ದರೂ ಸುಲಭಕ್ಕೆ ಏನೂ ಆಗುವುದಿಲ್ಲ. ದಿನವೂ ಬಳಸುವ ಕಂಪ್ಯೂಟರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅದರೊಳಗೆ ನಿಮ್ಮ ಫೋಟೋ ಇರುವುದು ಕಣ್ಣಿಗೆ ಕಾಣದ ಕೋಣೆಗಳಲ್ಲಿ ಕೂಡಿಹಾಕಿದ ವಿದ್ಯುತ್ ಕಣಗಳ ರೂಪದಲ್ಲಿ. ಮಣ್ಣಿನ ಹೂಜಿಯ ನೀರಿನಂತೆ ಅವು ಸಣ್ಣಗೆ ಜಿನುಗುತ್ತಲೇ ಇರುತ್ತವೆ. ಸೆಕೆ ಹೆಚ್ಚಿದಷ್ಟೂ ಬೇಗ. ಉದ್ಯಮಕ್ಕೆ ಮಾನದಂಡ ಬರೆಯುವ ಜೆಡೆಕ್ ಸಂಸ್ಥೆಯ ನಿಯಮದಂತೆ ಮನೆಬಳಕೆಯ ಎಸ್‌ಎಸ್‌ಡಿ, ತನ್ನ ಬರೆಯುವ ಆಯಸ್ಸು ಪೂರ್ತಿ ಸವೆದ ಮೇಲೆ, ಕರೆಂಟ್ ಇಲ್ಲದೆ 30 ಡಿಗ್ರಿ ಬಿಸಿಯಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಟ್ಟರೆ ಸಾಕು. ಹೊಸ ಎಸ್‌ಎಸ್‌ಡಿ ಇದಕ್ಕಿಂತ ಬಹಳ ಹೆಚ್ಚು ಕಾಲ ಹಿಡಿಯುತ್ತದೆ ನಿಜ. ಆದರೂ ಮಾಡಿದವರೇ ಒಂದು ವರ್ಷದ ಭಾಷೆಯಲ್ಲಿ ಮಾತಾಡುವ ವಸ್ತುವನ್ನು ಬೀರುವಿನಲ್ಲಿಟ್ಟು ಹತ್ತು ವರ್ಷ ಮರೆಯುವುದು ಜಾಣತನವಲ್ಲ. ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಅದೇ ಮನೆತನದವು. ಅವುಗಳಲ್ಲಿ ಬಳಸುವ ಚಿಪ್ಪಿನ ಗುಣಮಟ್ಟ ಇನ್ನೂ ಏರುಪೇರು. ಕ್ಯಾಮೆರಾದಿಂದ ಮನೆಗೆ ಸಾಗಿಸಲು ಅವು ಇರಲಿ.

ಹಾರ್ಡ್ ಡಿಸ್ಕ್‌ನ ಕಥೆ ಇದಕ್ಕೆ ತಿರುಗುಮುರುಗು. ತಟ್ಟೆಯ ಮೇಲಿನ ಅಯಸ್ಕಾಂತದ ಗುರುತು ಬೇಗ ಮಾಸುವುದಿಲ್ಲ. ಕೈಕೊಡುವುದು ಅದರ ಸುತ್ತಲಿನ ಯಂತ್ರ: ಮೋಟಾರು, ಬೇರಿಂಗು, ಕೆಳಗಿನ ಹಸಿರು ಬೋರ್ಡು, ಮತ್ತು ಕೂದಲಿನ ದಪ್ಪದ ಸಾವಿರದ ಒಂದು ಪಾಲಿಗಿಂತ ಕಡಿಮೆ ಅಂತರದಲ್ಲಿ ತಟ್ಟೆಯ ಮೇಲೆ ತೇಲುವ ಓದುಮುಳ್ಳು. ಲಕ್ಷಗಟ್ಟಲೆ ಡಿಸ್ಕ್ ನಡೆಸುವ ಬ್ಯಾಕ್‌ಬ್ಲೇಜ್ ಎಂಬ ಕಂಪನಿ 2013ರಿಂದ ತನ್ನ ಲೆಕ್ಕವನ್ನು ಬಹಿರಂಗವಾಗಿ ಇಡುತ್ತಿದೆ. ವರ್ಷಕ್ಕೆ ನೂರರಲ್ಲಿ ಒಂದೆರಡು ಸಾಯುತ್ತವೆ ಎಂಬುದು ಅದರ ಒಟ್ಟು ಸಾರ. ಒಂದೇ ಡಿಸ್ಕ್ ಇದ್ದವರಿಗೆ ಇದು ಸಣ್ಣ ಅಪಾಯವಲ್ಲ. ಎರಡಿದ್ದರೆ ಇವೆರಡೂ ಒಂದೇ ವಾರದಲ್ಲಿ ಸಾಯುವುದು ತೀರಾ ಅಪರೂಪ. ಈ ಲೆಕ್ಕ ನಿಲ್ಲಬೇಕಾದರೆ ಎರಡಕ್ಕೂ ಒಂದೇ ಹಣೆಬರಹ ಇರಬಾರದು. ಒಂದೇ ದಿನ, ಒಂದೇ ಕಂಪನಿಯ, ಒಂದೇ ಕಂತಿನ ಎರಡು ಡಿಸ್ಕ್ ಕೊಂಡು ಒಂದೇ ಖಾನೆಯಲ್ಲಿಟ್ಟರೆ ಅವು ಅವಳಿಗಳು. ಬೇರೆ ಕಂಪನಿಯವು ಇರಲಿ, ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಮಗಳ ಮನೆಯಲ್ಲಿ. ಎರಡನ್ನೂ ಒಟ್ಟಿಗೆ ಒಂದೇ ಕಂಪ್ಯೂಟರಿಗೆ ಸಿಕ್ಕಿಸುವ ಸಂದರ್ಭವನ್ನು ಆದಷ್ಟು ತಪ್ಪಿಸಿ. ಸಿಡಿಲು, ಕೆಟ್ಟ ಅಡಾಪ್ಟರು, ಫೈಲ್‌ಗಳಿಗೆ ಬೀಗ ಜಡಿದು ಹಣ ಕೇಳುವ ವೈರಸ್, ಇವು ಯಾವುವೂ ಒಂದನ್ನೇ ಆರಿಸಿಕೊಳ್ಳುವುದಿಲ್ಲ.

ಕೊಳ್ಳುವಾಗ ಇನ್ನೊಂದು ಗಮನಿಸಿ. ಕೆಲವು ಪೋರ್ಟಬಲ್ ಡಿಸ್ಕ್‌ಗಳಲ್ಲಿ ನೀವು ಕೇಳದಿದ್ದರೂ ಒಳಗಿನ ಬೋರ್ಡೇ ಎಲ್ಲವನ್ನೂ ಗುಪ್ತಲಿಪಿಗೆ ಬದಲಿಸಿ ಬರೆಯುತ್ತದೆ. ಬೋರ್ಡು ಸುಟ್ಟರೆ ತಟ್ಟೆ ಚೆನ್ನಾಗಿದ್ದರೂ ಫೋಟೋ ಸಿಗುವುದು ಕಷ್ಟ. ಹಾಗಾಗಿ ನಾನು ಸಾದಾ ಡಿಸ್ಕನ್ನೂ ಸಾದಾ ಡಬ್ಬಿಯನ್ನೂ ಬೇರೆಬೇರೆಯಾಗಿ ಕೊಂಡು ಜೋಡಿಸುತ್ತೇನೆ. ಡಬ್ಬಿ ಕೆಟ್ಟರೆ ಇನ್ನೊಂದಕ್ಕೆ ಹಾಕಿದರಾಯಿತು. ಪಾಸ್‌ವರ್ಡ್ ಇಡುವ ಆಸೆ ಇದ್ದರೆ, ನೀವಿಲ್ಲದ ದಿನ ಅದು ಯಾರಿಗೆ ಗೊತ್ತಿರುತ್ತದೆ ಎಂದು ಯೋಚಿಸಿ. ಐದಾರು ವರ್ಷಕ್ಕೊಮ್ಮೆ ಹೊಸ ಡಿಸ್ಕ್ ಕೊಂಡು ಹಳೆಯದನ್ನು ಮೂರನೆಯ ಪ್ರತಿಯಾಗಿ ಇಳಿಸಿ. ‘50 ವರ್ಷ’ ಎಂಬ ನಿಮ್ಮ ಲೆಕ್ಕಕ್ಕೆ ಇದೇ ದಾರಿ: ಒಂದೇ ಡಿಸ್ಕ್ 50 ವರ್ಷ ಓಡುವುದಿಲ್ಲ, ಹತ್ತು ಡಿಸ್ಕ್ ಒಂದರಿಂದೊಂದಕ್ಕೆ ದಾಟಿಸುತ್ತವೆ.

ಟೇಪ್ ಬಗ್ಗೆ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ದೊಡ್ಡ ಸಂಗ್ರಹಾಲಯಗಳು ಬಳಸುವ ಎಲ್‌ಟಿಒ ಟೇಪಿಗೆ 30 ವರ್ಷದ ಆಯಸ್ಸು ಹೇಳುತ್ತಾರೆ, ಅದು ನಂಬಬಹುದಾದ ಮಾತು. 2021ರ ಒಂಬತ್ತನೇ ಪೀಳಿಗೆಯ ಟೇಪಿನಲ್ಲಿ 18 ಟಿಬಿ ಹಿಡಿಯುತ್ತದೆ. ಟೇಪ್ ಅಗ್ಗ, ಯಂತ್ರ ಮಾತ್ರ ಮನೆಯವರ ಕೈಗೆ ಎಟುಕುವಂಥದ್ದಲ್ಲ, ಮೇಲಾಗಿ ಹೊಸ ಯಂತ್ರ ತೀರಾ ಹಳೆಯ ಪೀಳಿಗೆಯ ಟೇಪ್ ಓದುವುದಿಲ್ಲ. 380 ಜಿಬಿಗೆ ಇದು ಇರುವೆ ಸಾಗಿಸಲು ಆನೆ ತಂದಂತೆ.

ಮಗಳ ಕ್ಲೌಡ್‌ಗೆ ಒಂದು ದೊಡ್ಡ ಗುಣವಿದೆ: ಅದು ನಿಮ್ಮ ಮನೆಯಿಂದ ದೂರ. ಬೆಂಕಿ, ನೀರು, ಕಳ್ಳತನ ಯಾವುದೂ ಅಲ್ಲಿಗೆ ಮುಟ್ಟುವುದಿಲ್ಲ. ತೊಂದರೆ ಬರುವುದು ಲೆಕ್ಕಪತ್ರದ ಕಡೆಯಿಂದ. ಬಾಡಿಗೆ ಕಟ್ಟುವುದು ತಪ್ಪಿತು, ಫೋನ್ ನಂಬರ್ ಬದಲಾಗಿ ಪಾಸ್‌ವರ್ಡ್ ಸಿಗಲಿಲ್ಲ, ಖಾತೆಯ ಒಡೆಯರೇ ಇಲ್ಲವಾದರು. ಎರಡು ವರ್ಷ ಮುಟ್ಟದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರಲ್ಲಿ ತಂದಿತು. ಕಂಪನಿಯ ಕಡೆಯಿಂದಲೂ ಆಗುತ್ತದೆ: ಒಂದು ಕಾಲದಲ್ಲಿ ಎಲ್ಲರೂ ಇದ್ದ ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣ, ಸರ್ವರ್ ಬದಲಿಸುವಾಗ ಅದಕ್ಕೂ ಮುಂಚೆ ವರ್ಷಗಟ್ಟಲೆ ಜನ ಹಾಕಿದ್ದ ಹಾಡು, ಫೋಟೋ, ವಿಡಿಯೊಗಳು ಹೋದವೆಂದು 2019ರಲ್ಲಿ ಒಪ್ಪಿಕೊಂಡಿತು. ಇನ್ನು ಫೋನಿನ ಜೊತೆ ‘ಸಿಂಕ್’ ಆಗುವ ಸೇವೆಯನ್ನು ಬ್ಯಾಕಪ್ ಅಂದುಕೊಳ್ಳಬೇಡಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಅದಕ್ಕೆ ಸಿಂಕ್ ಅನ್ನುವುದು. ಹಾಕುವಾಗ ‘ಮೂಲ ಗಾತ್ರ’ ಎಂಬುದನ್ನು ಆರಿಸಿದ್ದೀರಾ ಎಂದೂ ನೋಡಿ, ಇಲ್ಲದಿದ್ದರೆ ಫೋಟೋ ಕುಗ್ಗಿಸಿ ಇಡುತ್ತಾರೆ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ ಎಂಬ 3-2-1 ಸೂತ್ರವನ್ನು ನೀವು ಕೇಳಿರಬಹುದು. ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರಿಂದ ಅದು ಹೆಸರಾಯಿತು. ಮೇಲೆ ಹೇಳಿದ್ದೆಲ್ಲ ಅದರೊಳಗೇ ಬರುತ್ತದೆ. ಆದರೆ ಆ ಸೂತ್ರದಲ್ಲಿ ಕಾಣದ ಒಂದು ಕೆಲಸ ಇದೆ, ಅದನ್ನು ಮಾಡದೆ ಮೂರಲ್ಲ, ಹತ್ತು ಪ್ರತಿ ಇದ್ದರೂ ಕೈ ಖಾಲಿಯಾಗಬಹುದು.

ಒಂದು ಮಧ್ಯಾಹ್ನ ಪರೀಕ್ಷೆ ಮಾಡಿ ನೋಡಿದೆ. 6 ಎಂಬಿಯ ಒಂದು ಜೆಪೆಗ್ ಫೋಟೋ, ಅಂದರೆ ಹತ್ತಿರ ಹತ್ತಿರ 5 ಕೋಟಿ ಬಿಟ್. ಅದರ ನಡುಭಾಗದಲ್ಲಿ ಒಂದೇ ಒಂದು ಬಿಟ್ ಬದಲಿಸಿದೆ, 0 ಇದ್ದದ್ದನ್ನು 1 ಮಾಡಿದೆ. ಫೈಲ್ ತೆರೆಯಿತು. ಮೇಲಿನ ಅರ್ಧ ಹಾಗೇ ಇತ್ತು: ನಗುವ ಮುಖ, ಹಿಂದಿನ ಗೋಡೆ. ಗಲ್ಲದಿಂದ ಕೆಳಗೆ ಇಡೀ ಚಿತ್ರ ಪಕ್ಕಕ್ಕೆ ಜರುಗಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಯಾರೋ ಹರಿದು ತಪ್ಪಾಗಿ ಅಂಟಿಸಿದ ಹಾಗೆ. ಜೆಪೆಗ್ ಚಿತ್ರವನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕಗಳಾಗಿ ಒಡೆದು, ಪ್ರತಿ ಚೌಕದ ಸರಾಸರಿ ಬಣ್ಣವನ್ನು ‘ಹಿಂದಿನದಕ್ಕಿಂತ ಇಷ್ಟು ಹೆಚ್ಚು, ಇಷ್ಟು ಕಡಿಮೆ’ ಎಂದು ಬರೆದುಕೊಳ್ಳುತ್ತದೆ. ಒಂದು ತಪ್ಪಿದರೆ ಅದರ ನಂತರದ್ದೆಲ್ಲ ತಪ್ಪು. ಜಾಗ ಉಳಿಸುವ ಜಾಣತನಕ್ಕೆ ತೆರುವ ದಂಡ ಇದು. ಕುಗ್ಗಿಸದ ಟಿಫ್ ಫೈಲ್‌ನಲ್ಲಿ ಇದನ್ನೇ ಮಾಡಿದಾಗ ಒಂದು ಚುಕ್ಕಿ ಕೆಟ್ಟಿತು, ಹುಡುಕಿದರೂ ಕಾಣಲಿಲ್ಲ.

ಇಂಥ ಫೈಲ್ ಕೆಟ್ಟಾಗ ಕಂಪ್ಯೂಟರ್ ಕೂಗಿ ಹೇಳುವುದಿಲ್ಲ. ನೀವು 42,000 ಫೋಟೋಗಳನ್ನು ಒಂದೊಂದಾಗಿ ತೆರೆದು ನೋಡುವವರೂ ಅಲ್ಲ. ಮುಂದಿನ ಸಲ ಹೊಸ ಡಿಸ್ಕಿಗೆ ದಾಟಿಸುವಾಗ ಕೆಟ್ಟದ್ದೇ ನಕಲಾಗುತ್ತದೆ, ಹಳೆಯ ಒಳ್ಳೆಯ ಪ್ರತಿಯನ್ನು ನಾವೇ ಅಳಿಸುತ್ತೇವೆ. ಇದನ್ನು ತಡೆಯಲು ಚೆಕ್‌ಸಮ್ ಇದೆ. ಪ್ರತಿ ಫೈಲ್‌ನ ಬೆರಳಚ್ಚು ಅದು. ಎಸ್‌ಎಚ್‌ಎ-256 ಬಗೆಯದಾದರೆ 64 ಅಕ್ಷರಗಳ ಒಂದು ಸಾಲು. ಒಂದು ಬಿಟ್ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ಉಚಿತ ತಂತ್ರಾಂಶಗಳು ಎಷ್ಟೋ ಇವೆ. ಫೋಲ್ಡರ್ ತೋರಿಸಿದರೆ ಎಲ್ಲ ಫೈಲ್‌ಗಳ ಬೆರಳಚ್ಚನ್ನು ಒಂದು ಪಠ್ಯ ಫೈಲ್‌ನಲ್ಲಿ ಬರೆದಿಡುತ್ತವೆ. ಆ ಪಟ್ಟಿಯನ್ನು ಮೂರೂ ಪ್ರತಿಗಳ ಜೊತೆ ಇಡಿ. ಆರು ತಿಂಗಳಿಗೊಮ್ಮೆ ಡಿಸ್ಕ್ ಸಿಕ್ಕಿಸಿ ‘ಪರಿಶೀಲಿಸು’ ಒತ್ತಿ ನಿಮ್ಮ ಕೆಲಸಕ್ಕೆ ಹೋಗಿ. ನಿಮ್ಮ 380 ಜಿಬಿಗೆ ಒಂದೆರಡು ಗಂಟೆ ಹಿಡಿದೀತು. ಒಂದರಲ್ಲಿ ಕೆಟ್ಟ ಫೈಲ್ ಇನ್ನೊಂದರಲ್ಲಿ ಚೆನ್ನಾಗಿರುತ್ತದೆ, ಅಲ್ಲಿಂದ ತಂದುಕೊಳ್ಳಿ. ಈ ನೆಪದಲ್ಲಿ ಡಿಸ್ಕ್ ತಿರುಗಿ ಅದರ ಬೇರಿಂಗಿಗೂ ಒಳ್ಳೆಯದಾಗುತ್ತದೆ.

ಫೈಲ್‌ನ ಬಗೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಜೆಪೆಗ್ 1992ರಿಂದ ಇದೆ, ಲೋಕದಲ್ಲಿ ಅಷ್ಟು ಚಿತ್ರ ಅದರಲ್ಲಿರುವಾಗ ಅದನ್ನು ಓದುವ ತಂತ್ರಾಂಶ ಇಲ್ಲವಾಗುವುದಿಲ್ಲ. ಕ್ಯಾಮೆರಾ ಸಂಸ್ಕರಿಸದೆ ಹಾಗೇ ಉಳಿಸುವ ರಾ ಫೈಲ್‌ಗಳಿದ್ದರೆ ಮಾತ್ರ ಪಕ್ಕದಲ್ಲಿ ಒಂದು ಜೆಪೆಗ್ ಅಥವಾ ಟಿಫ್ ಪ್ರತಿಯನ್ನೂ ಇಡಿ. ಫೋನಿನ ಹೈಕ್ (ಎಚ್‌ಇಐಸಿ) ಫೈಲ್‌ಗಳಿಗೂ ಅದೇ ಮಾತು. ಯಾರ ಫೋಟೋ, ಎಲ್ಲಿ ಎಂಬ ವಿವರವನ್ನು ಒಂದು ಆ್ಯಪ್‌ನ ಆಲ್ಬಂ ಒಳಗೆ ಬಚ್ಚಿಡದೆ ಫೋಲ್ಡರ್ ಹೆಸರಿನಲ್ಲೇ ಬರೆಯಿರಿ.

ಕೊನೆಗೆ ಆ ನೆಗೆಟಿವ್ ಡಬ್ಬ. ಈಗ ಉಳಿದಿರುವ ಅತಿ ಹಳೆಯ ಕ್ಯಾಮೆರಾ ಚಿತ್ರ ನಿಸೆಫೋರ್ ನಿಯೆಪ್ಸ್ 1827ರ ಆಸುಪಾಸಿನಲ್ಲಿ ತವರ ಮಿಶ್ರಲೋಹದ ತಗಡಿನ ಮೇಲೆ ತೆಗೆದದ್ದು. ಅದನ್ನು ನೋಡಲು ಬೆಳಕೂ ಕಣ್ಣೂ ಇದ್ದರೆ ಸಾಕು. ನಿಮ್ಮ ತಂದೆಯವರ ಕಪ್ಪು-ಬಿಳುಪು ನೆಗೆಟಿವ್ ಅದೇ ಜಾತಿ. ಬೆಳ್ಳಿಯ ಚಿತ್ರ, ಸರಿಯಾಗಿ ಇಟ್ಟರೆ ನೂರು ವರ್ಷ ದಾಟುತ್ತದೆ. ನಿಮ್ಮ ಸ್ಕ್ಯಾನ್‌ಗಿಂತ ಒಳ್ಳೆಯ ಸ್ಕ್ಯಾನ್ ನಾಳೆ ಅದರಿಂದ ತೆಗೆಯಬಹುದು. ಡಬ್ಬ ತೆರೆದು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೊಳೆಯಲು ಶುರುವಾಗಿದೆ, ಆ ಆಮ್ಲ ಪಕ್ಕದ ಫಿಲ್ಮನ್ನೂ ಹಾಳು ಮಾಡುತ್ತದೆ. ಅವನ್ನು ಬೇರೆ ಮಾಡಿ, ಮೊದಲು ಅವುಗಳ ಸ್ಕ್ಯಾನ್ ಸರಿಯಾಗಿದೆಯೇ ನೋಡಿ, ತಂಪಾದ ಒಣ ಜಾಗದಲ್ಲಿಡಿ. ಪಿವಿಸಿ ಹಾಳೆಗಳಲ್ಲಿದ್ದರೆ ತೆಗೆದು ಪಾಲಿಪ್ರೊಪಿಲೀನ್ ಅಥವಾ ಆಮ್ಲವಿಲ್ಲದ ಕಾಗದದ ಲಕೋಟೆಗೆ ಹಾಕಿ. ಬಣ್ಣದ ನೆಗೆಟಿವ್, ಬಣ್ಣದ ಹಳೇ ಪ್ರಿಂಟ್ ಬೇಗ ಮಾಸುತ್ತವೆ, ಕತ್ತಲಲ್ಲಿಟ್ಟರೂ ಮಾಸುತ್ತವೆ. 1970ರ ದಶಕದ ಆಲ್ಬಂಗಳೆಲ್ಲ ಕೆಂಪಗೆ ಕಾಣುವುದು ಅವುಗಳ ನೀಲಿ-ಹಸಿರು ಬಣ್ಣ ಮೊದಲು ಹೋದದ್ದಕ್ಕೆ. ಹೊಸದಾಗಿ ಪ್ರಿಂಟ್ ಹಾಕಿಸುವಾಗ ‘ಪಿಗ್ಮೆಂಟ್ ಇಂಕ್, ಆಮ್ಲವಿಲ್ಲದ ಹತ್ತಿಯ ಕಾಗದ’ ಎಂದು ಕೇಳಿ. ಹಿಂದೆ ಪೆನ್ಸಿಲಿನಲ್ಲಿ ಹೆಸರು, ವರ್ಷ ಬರೆಯಿರಿ. ಇಂಟರ್ನೆಟ್ ಕಟ್ಟಿದವರಲ್ಲಿ ಒಬ್ಬರಾದ ವಿಂಟ್ ಸೆರ್ಫ್ ಅವರೇ 2015ರಲ್ಲಿ, ಬೇಕಾದ ಫೋಟೋ ಇದ್ದರೆ ಪ್ರಿಂಟ್ ಹಾಕಿಸಿಟ್ಟುಕೊಳ್ಳಿ ಎಂದು ಜನರಿಗೆ ಹೇಳಿದ್ದರು.

ಇವೆಲ್ಲ ಮುಂದಿನ ಮಾತು. ನಿಮಗೆ ಇವತ್ತು ತುರ್ತಾಗಿರುವುದು ತೆರೆಯದ ಆ ಮೂರು ಸಿಡಿ. ಬೆಳಕಿಗೆ ಅಡ್ಡ ಹಿಡಿದು ನೋಡಿ. ಸೂಜಿಮೊನೆಯಷ್ಟು ತೂತುಗಳಲ್ಲಿ ಬೆಳಕು ತೂರಿ ಬಂದರೆ ಅಷ್ಟು ಜಾಗ ಹೋಯಿತು, ಉಳಿದದ್ದು ಇನ್ನೂ ಇದೆ. ಮೆತ್ತನೆಯ ಬಟ್ಟೆಯನ್ನು ಶುದ್ಧ ನೀರಿನಲ್ಲಿ ಅದ್ದಿ ಹಿಂಡಿ, ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ಉಜ್ಜಬೇಡಿ. ಆಮೇಲೆ ಬೇರೆ ಡ್ರೈವ್‌ನಲ್ಲಿ ಹಾಕಿ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದು ಮಾಮೂಲು, ಯಾರಾದರೂ ಹಳೇ ಡೆಸ್ಕ್‌ಟಾಪ್ ಇಟ್ಟುಕೊಂಡಿದ್ದರೆ ಅದರಲ್ಲೂ ನೋಡಿ. ಆದರೂ ಆಗದಿದ್ದರೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಇದೆ. ಅದು ಓದಲು ಬರುವ ಭಾಗವನ್ನು ಮೊದಲು ಎತ್ತಿಕೊಂಡು, ಬಾರದ ಜಾಗಗಳ ಪಟ್ಟಿ ಇಟ್ಟುಕೊಳ್ಳುತ್ತದೆ. ಅದೇ ಪಟ್ಟಿ ಹಿಡಿದು ಬೇರೆ ಡ್ರೈವ್‌ನಲ್ಲಿ ಮುಂದುವರಿಸಿದರೆ ತೂತುಗಳು ಒಂದೊಂದಾಗಿ ತುಂಬುತ್ತವೆ. ಹಾಗೆ ಸಿಕ್ಕ ಪ್ರತಿಯಿಂದ ಫೋಟೋಗಳನ್ನು ಹೆಕ್ಕಲು ಫೋಟೋರೆಕ್ ಇದೆ.

ಅದಕ್ಕೂ ಮೊದಲು, ಇನ್ನೂ ಚೆನ್ನಾಗಿ ತೆರೆಯುತ್ತಿರುವ 57 ಡಿಸ್ಕ್‌ಗಳನ್ನು ಹಾರ್ಡ್ ಡಿಸ್ಕಿಗೆ ಇಳಿಸಿ. ಸಿಡಿಗೆ ಐದು ನಿಮಿಷ, ಡಿವಿಡಿಗೆ ಹದಿನೈದು. ನಾಲ್ಕೈದು ಸಂಜೆಯ ಕೆಲಸ, ಹೊಸ ಡಿಸ್ಕ್ ಬರುವವರೆಗೆ ಕಾಯಬೇಡಿ, ಈಗಿರುವ ಕಂಪ್ಯೂಟರಿಗೇ ಇಳಿಸಿಕೊಳ್ಳಿ.